ಸುಮ್ಮನಿರುವ ಶಾಸ್ತ್ರ: ಫೋರ್ಸಿತ್ ಪಾರ್ಕ್ ಪ್ರಕರಣ

ಅಮೆರಿಕದ ಜಾರ್ಜಿಯಾ ರಾಜ್ಯದ ಕರಾವಳಿ ನಗರ ಸವಾನಾದಲ್ಲಿ 30 ಎಕರೆಯ ಫೋರ್ಸಿತ್ ಪಾರ್ಕ್ ಇರುವುದು ಜನ ಸುಮ್ಮನಿರಲೆಂದೇ ಎಂಬುದು ಪೂರ್ವಪಕ್ಷ. ಈ ಮತಕ್ಕೆ ಪ್ರತ್ಯಕ್ಷ ಪ್ರಮಾಣವೇ ಎದುರಾಳಿ. ಬೆಳಗಾದರೆ ಓಡುವವರು, ಅವರ ಹಿಂದೆ ನಾಯಿ, ನಾಯಿಯ ಹಿಂದೆ ಅದರ ಯಜಮಾನ. ಶನಿವಾರ ರೈತರ ಸಂತೆ. ಅಲ್ಲಿ ಟೊಮೆಟೊ ಆರಿಸುವವರ ಏಕಾಗ್ರತೆ ಯೋಗಿಗಳಿಗೂ ದುರ್ಲಭ. ಕಾರಂಜಿಯ ಮುಂದೆ ಮದುವೆ ಫೋಟೊ. ಹುಲ್ಲಿನ ಮೇಲೆ ಮಲಗಿದವರನ್ನು ತೋರಿಸಿ ಆಕ್ಷೇಪ ಎತ್ತುವವರುಂಟು. ಮಲಗಿದವರೂ ಫೋನು ತೀಡುತ್ತಿರುತ್ತಾರೆ; ಹೆಬ್ಬೆರಳು ಕರ್ಮೇಂದ್ರಿಯವಲ್ಲವೆಂದು ಯಾವ ಋಷಿ ಹೇಳಿದ?

ಇನ್ನೊಂದು ಪಂಥ ಇತಿಹಾಸದ ಆಸರೆ ಹಿಡಿಯುತ್ತದೆ. 1858ರ ಆ ಎರಕದ ಕಬ್ಬಿಣದ ಕಾರಂಜಿಯನ್ನು ನಗರದವರು ಕ್ಯಾಟಲಾಗ್ ನೋಡಿ ತರಿಸಿಕೊಂಡರು. ಶಿಲ್ಪಿಯನ್ನು ಹುಡುಕುವ ಗೋಜಿಗೇ ಹೋಗಲಿಲ್ಲ. ಅಂತರ್ಯುದ್ಧದ ಕಾಲದಲ್ಲಿ, 1864ರ ಡಿಸೆಂಬರಿನಲ್ಲಿ, ಉತ್ತರದವರ ಜನರಲ್ ಶರ್ಮನ್ ದಂಡೆತ್ತಿ ಬಂದಾಗ ಕಾವಲಿನ ಸೈನ್ಯ ರಾತ್ರೋರಾತ್ರಿ ಹೊಳೆ ದಾಟಿತು, ಮೇಯರ್ ಊರನ್ನು ಒಪ್ಪಿಸಿಬಿಟ್ಟ, ಶರ್ಮನ್ ಅದು ಅಧ್ಯಕ್ಷ ಲಿಂಕನ್‌ಗೆ ಕ್ರಿಸ್ಮಸ್ ಉಡುಗೊರೆಯೆಂದು ತಂತಿ ಕಳಿಸಿದ. ಆದ್ದರಿಂದ ಸುಮ್ಮನಿರುವುದು ಊರಿನ ಕುಲಧರ್ಮವಂತೆ. ಈ ವಾದ ಒಂದು ಕಡೆ ಮುಗ್ಗರಿಸುತ್ತದೆ. ಕಾರಂಜಿ ಬಂದ ಮರುವರ್ಷ, 1859ರ ಮಾರ್ಚಿನಲ್ಲಿ, ಊರಾಚೆಯ ಕುದುರೆ ಜೂಜಿನ ಮೈದಾನದಲ್ಲಿ 400ಕ್ಕೂ ಹೆಚ್ಚು ಗುಲಾಮರನ್ನು ಎರಡೇ ದಿನದಲ್ಲಿ ಹರಾಜು ಹಾಕಿದರು. ಊರು ಯಾರ ದುಡಿಮೆಯ ಮೇಲೆ ಹಾಯಾಗಿ ಕೂತಿತ್ತೆಂಬುದಕ್ಕೆ ಭಾಷ್ಯ ಬೇಕಿಲ್ಲ.

ಇನ್ನು ಸಿದ್ಧಾಂತ. ಈ ಪಾರ್ಕಿನಲ್ಲಿ ಸಿದ್ಧಿ ಪಡೆದದ್ದು ಒಂದೇ: ಓಕ್ ಮರಗಳಿಂದ ಬೂದು ಗಡ್ಡದಂತೆ ಇಳಿಬಿದ್ದ ಸ್ಪ್ಯಾನಿಷ್ ಮಾಸ್. ಅನಾನಸಿನ ಕುಲದ ಕುಡಿ. ಬೇರು ಬಿಡುವ ಶ್ರಮವಿಲ್ಲ; ಬಂದಳಿಕೆಯಂತೆ ಮರದ ರಸ ಹೀರುವ ಕಷ್ಟವೂ ಇಲ್ಲ. ಗಾಳಿಯ ತೇವ, ಮಳೆ, ತೂರಿಬಂದ ಧೂಳು, ಇಷ್ಟರಲ್ಲೇ ಸಂಸಾರ. ಹೂ ಬಿಡುತ್ತದೆ, ನಿಜ. ಯಾರ ಕಣ್ಣಿಗೂ ಬೀಳದಷ್ಟು ಸಣ್ಣದು, ಹಾಗಾಗಿ ದೋಷವೆಂದು ಎಣಿಸತಕ್ಕದ್ದಲ್ಲ.

ಪ್ರಯೋಗಕ್ಕಿಳಿಯುವ ಶಿಷ್ಯರು ಮರದಡಿಯ ಬೆಂಚಿನಲ್ಲಿ ಕೂರಬಹುದು. ಗುರುಭಕ್ತಿ ಉಕ್ಕಿ, ನೆಲಕ್ಕುದುರಿದ ಮಾಸನ್ನು ಹೆಕ್ಕಿ ಗಲ್ಲಕ್ಕೆ ಕಟ್ಟಿಕೊಳ್ಳಬಾರದು. ಅದರಲ್ಲಿ ಚಿಗರ್ ಎಂಬ ಕಂಡೂ ಕಾಣದ ಹುಳು ಸೇರಿಕೊಂಡಿರಬಹುದು. ಮೈ ಪರಪರ ಕೆರೆದುಕೊಳ್ಳುತ್ತಿರುವವನನ್ನು ಸುಮ್ಮನಿರುವವರ ಪಂಕ್ತಿಯಲ್ಲಿ ಕೂರಿಸಲು ಶಾಸ್ತ್ರ ಒಪ್ಪುವುದಿಲ್ಲ.