ಫಿರಂಗಿಯೂ ಕೂರಿಗೆಯೂ

ಪುಣೆ ಕ್ಯಾಂಪಿನಲ್ಲಿ ಯುದ್ಧಕ್ಕೂ ತಿಂಡಿಗೂ ಹಳೆಯ ನಂಟು. 1817ರ ನವೆಂಬರ್ 5ರಂದು ಖಡಕಿಯಲ್ಲಿ ಪೇಶ್ವೆಯ ದಂಡು ಇಂಗ್ಲಿಷರಿಗೆ ಸೋಲದಿದ್ದರೆ ಈ ಕ್ಯಾಂಪು, ಅಂದರೆ ಲಷ್ಕರ್, ಹುಟ್ಟುತ್ತಿರಲಿಲ್ಲ. ಲಷ್ಕರ್ ಇಲ್ಲದಿದ್ದರೆ ಈಸ್ಟ್ ಸ್ಟ್ರೀಟಿನ ಕಯಾನಿ ಬೇಕರಿಯೆದುರು ಶ್ರೂಸ್‌ಬರಿ ಬಿಸ್ಕತ್ತಿಗಾಗಿ ಸಾಲು ನಿಲ್ಲುವ ಯೋಗವೂ ನಮಗಿರುತ್ತಿರಲಿಲ್ಲ. ಚರಿತ್ರೆಯನ್ನು ನಾನು ನೆನಪಿಟ್ಟುಕೊಳ್ಳುವುದೇ ಹೀಗೆ.

ಸಾಲು ಕರಗುವ ಲಕ್ಷಣ ಕಾಣದೆ ಒಮ್ಮೆ ಹಳೇ ಸಾಮಾನಿನ ಅಂಗಡಿಯೊಂದಕ್ಕೆ ನುಗ್ಗಿದೆ. ಅಲ್ಲಿತ್ತು ಇಂಗ್ಲಿಷ್ ಚಿತ್ರಕಾರ ಲ್ಯಾಂಡ್‌ಸಿಯರ್ 1846ರಲ್ಲಿ ಬರೆದ ‘ಶಾಂತಿ’ಯ ಅಚ್ಚು ಪ್ರತಿ. ಡೋವರಿನ ಕಡಿಬಂಡೆ, ಕೆಳಗೆ ಅಲುಗಾಡದ ಸಮುದ್ರ, ಮೇಲೆ ಕುರಿ, ಮೇಕೆ, ಮಕ್ಕಳು. ತುಕ್ಕು ಹಿಡಿದ ಫಿರಂಗಿಯ ಬಾಯಿಗೆ ಮೂತಿ ಹಚ್ಚಿದ ಕುರಿಮರಿ. ‘ಯುದ್ಧ’ ಎಂಬ ಜೋಡಿ ಚಿತ್ರವೂ ಇದಕ್ಕಿತ್ತಲ್ಲ ಎಂದೆ. “ಅದನ್ನು ಯಾರು ಕೊಳ್ಳುತ್ತಾರೆ ಸಾಹೇಬ್, ಕುರಿಯಾದರೆ ಹೋಗುತ್ತದೆ” ಎಂದ ಅಂಗಡಿಯವನು. ಮೂಲಚಿತ್ರಗಳೆರಡೂ ಲಂಡನ್ನಿನ ಟೇಟ್ ಗ್ಯಾಲರಿಯಲ್ಲಿದ್ದಾಗ 1928ರಲ್ಲಿ ಥೇಮ್ಸ್ ನದಿ ಒಳನುಗ್ಗಿ ಹಾಳಾದವು. ನೀರಿಗೆ ಯುದ್ಧ, ಶಾಂತಿ ಎಂಬ ಪಕ್ಷಪಾತವಿಲ್ಲ.

ಆ ಕುರಿಮರಿಯ ಮೇಲೆ ನನಗೆ ಕೋಪವಿಲ್ಲ, ಚಿತ್ರಕಾರನ ಮೇಲೆ ತುಸು ತಕರಾರಿದೆ. ದಂಡು ಹೋದ ಮರುದಿನವೇ ಕುರಿ ಮೇಯಬಹುದು. ಅದಕ್ಕೆ ಬೀಜ ಬೇಡ, ಎತ್ತು ಬೇಡ, ಸಾಹುಕಾರನ ಸಾಲವೂ ಬೇಡ. ರೈತನ ಮಾತು ಬೇರೆ. 1791ರಲ್ಲಿ, ಟಿಪ್ಪುವಿನ ಮೇಲಿನ ಯುದ್ಧದಲ್ಲಿ, ಪೇಶ್ವೆಯ ಪರವಾಗಿ ಪರಶುರಾಮ ಭಾವೂನ ಸೈನ್ಯ ನಮ್ಮ ಮೈಸೂರು ಸೀಮೆಗೆ ಇಳಿಯಿತು. ಶೃಂಗೇರಿಯ ಮಠವೇ ಲೂಟಿಯಾಯಿತೆಂದ ಮೇಲೆ ಬಡಹಳ್ಳಿಗಳ ಹಗೇವುಗಳ ಗತಿ ಕೇಳಬೇಕೆ? (ಪುಣೆಯ ನನ್ನ ನೆರೆಯವರ ಮುಂದೆ ಈ ವಿಷಯ ಎತ್ತುವುದಿಲ್ಲ, ಹಬ್ಬಕ್ಕೆ ಪೂರಣಪೋಳಿ ಕಳಿಸುವ ಜನ.) ಆ ಯುದ್ಧದಲ್ಲಿ ಇಂಗ್ಲಿಷರ ಜತೆ ಬಂದಿದ್ದ ಚಿತ್ರಕಾರ ರಾಬರ್ಟ್ ಹೋಮ್ ಬರೆದದ್ದು ಹೆಚ್ಚಾಗಿ ಕೋಟೆಗಳನ್ನು, ಬೆಟ್ಟಗಳನ್ನು. ಊರು ಮತ್ತೆ ಉಸಿರಾಡುವುದನ್ನು ಕಂಡದ್ದು ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಅವನು ಮೈಸೂರು ಸೀಮೆಯ ಹಳ್ಳಿಗಳನ್ನು ಸುತ್ತಿದ. ಯಾವ ಹೊಲ ಬೀಳುಬಿದ್ದಿದೆ, ಯಾವ ಕೆರೆ ಒಡೆದಿದೆ, ರಾಗಿ ಬಿತ್ತುವುದು ಹೇಗೆ, ಎಲ್ಲವನ್ನೂ ಬಿಡದೆ ಬರೆದುಕೊಂಡ. ಮುದ್ದೆ ನುಂಗಿ ನೋಡಿದನೋ ಏನೋ! 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಆ ಮೂರು ಸಂಪುಟಗಳಲ್ಲಿ ನಮ್ಮ ನೇಗಿಲು, ಕೂರಿಗೆಗಳ ರೇಖಾಚಿತ್ರಗಳೂ ಇವೆ. ಅಲ್ಲಿ ಆಕಾಶವಿಲ್ಲ, ಸಮುದ್ರವಿಲ್ಲ, ಮುದ್ದು ಬರಿಸುವ ಪ್ರಾಣಿಯೂ ಇಲ್ಲ.

ಯುದ್ಧಾನಂತರದ ಹಳ್ಳಿಯ ಚಿತ್ರ ಯಾವುದೆಂದು ಯಾರಾದರೂ ಕೇಳಿದರೆ, ನನ್ನ ಮತ ಆ ಕೂರಿಗೆಗೇ.