ಕೊನೇ ನುಡಿ ಹಾಡಲು ಬಿಡಿ

ಲಿಂಗಸುಗೂರಿನ ಉತ್ಸವ ಸಂಘಟಕರಿಗೆ,

ಹೋದ ವರ್ಷ ನೀವು ನಡೆಸಿದ ಕಾರ್ಯಕ್ರಮದಲ್ಲಿ ಕೊನೆಯ ಸಾಲಿನ ಕುರ್ಚಿಯಲ್ಲಿ ಕುಳಿತಿದ್ದವನು ನಾನು. ಆಹ್ವಾನ ಪತ್ರಿಕೆಯಲ್ಲಿ ‘ತತ್ವಪದ ಗಾಯನ’ ಎಂದು ಅಚ್ಚಾಗಿತ್ತು, ಹಾಡುವವರ ಹೆಸರಿರಲಿಲ್ಲ. ಅದನ್ನು ಕೇಳಲೆಂದೇ ಮಸ್ಕಿಯಿಂದ ಬಸ್ಸು ಹತ್ತಿ ಬಂದಿದ್ದೆ.

ವೇದಿಕೆಗೆ ಬಂದವರು ಎಪ್ಪತ್ತು ದಾಟಿದ ತಾತ. ಬಲಗೈಯಲ್ಲಿ ಏಕತಾರಿ, ಎಡಗೈ ಬೆರಳಿಗೆ ಚಿಟಿಕೆ. ಜೊತೆಗೆ ಯಾರೂ ಇಲ್ಲ. ಬುರುಡೆಯನ್ನು ಕಿವಿಗೆ ಹಚ್ಚಿ ಬಿರಡೆ ತಿರುವಿದರು, ತಂತಿ ಮೀಟಿದರು, ಮತ್ತೆ ತುಸುವೇ ತಿರುವಿದರು. ಮೈಕಿನವರು ಬಾಯಿಗೆ ಮಾತ್ರ ಒಂದು ಮೈಕ್ ಇಟ್ಟಿದ್ದರು. ಏಕತಾರಿಯ ನಾದ ಮುಂದಿನ ಸಾಲಿಗೂ ಮುಟ್ಟುತ್ತಿರಲಿಲ್ಲ. ತಾತನಿಗೆ ಅದು ತಿಳಿಯಿತು. ಬುರುಡೆಯನ್ನು ಗದ್ದದವರೆಗೆ ಎತ್ತಿ ಹಿಡಿದೇ ಹಾಡತೊಡಗಿದರು. ತೋಳು ನಡುಗುತ್ತಿತ್ತು, ದನಿ ನಡುಗಲಿಲ್ಲ.

ಪದ ಅವರೇ ಕಟ್ಟಿದ್ದು. ಗುಳೆ ಹೋದ ಮನೆಯ ಪದ. ಬಾಗಿಲಿಗೆ ಬೀಗ, ಕಟ್ಟೆಯ ಮೇಲೆ ಉಳಿದ ಮುದುಕಿ, ತಣ್ಣಗಾದ ಒಲೆ. ಆ ಮನೆಯೇ ಮೈ, ಆ ಗುಳೆಯೇ ಜೀವ ಹೊರಡುವುದು ಎಂದು ಮೂರನೇ ನುಡಿಗೆ ಹೊಳೆಯಿತು. ನನ್ನ ಪಕ್ಕ ಶೇಂಗಾ ಬಿಡಿಸುತ್ತಿದ್ದ ಹುಡುಗನ ಕೈ ಹಾಗೇ ನಿಂತಿತು.

ಆಗ ನಿಮ್ಮ ಚೀಟಿ ಬಂತು. ಅತಿಥಿಗಳ ಕಾರು ಬಂದಿತ್ತು. ‘ಒಂದ ನುಡಿ ಉಳದೈತ್ರಿ’ ಎಂದರು ತಾತ. ಅಷ್ಟರಲ್ಲಿ ಅವರ ಹೆಗಲಿಗೆ ಶಾಲು ಬಿದ್ದಿತ್ತು. ಕೈಮುಗಿದು ಇಳಿದರು.

ಉಳಿದಿದ್ದು ಅಂಕಿತದ ನುಡಿ. ಅದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ.

ಕಡಕೋಳ ಮಡಿವಾಳಪ್ಪನವರ ಪದ ‘ಮಹಾಂತ’ ಎಂಬಲ್ಲಿಗೆ ಬಂದು ಮುಟ್ಟುತ್ತದೆ. ಮಾನ್ವಿ ಸೀಮೆಯ ಬ್ಯಾಗವಾಟದ ಜಗನ್ನಾಥದಾಸರದು ‘ಜಗನ್ನಾಥವಿಠಲ’. ಅಂಕಿತ ಗುರುವಿನ ಹೆಸರೋ ದೇವರ ಹೆಸರೋ ಆಗಿರುತ್ತದೆ, ಆದರೂ ಕಿವಿಗೆ ಬಿದ್ದೊಡನೆ ಇದು ಇಂಥವರ ಪದ ಎಂದು ಓದು ಬಾರದವರೂ ಹೇಳುತ್ತಾರೆ. ಮಡಿವಾಳಪ್ಪನವರ ಶಿಷ್ಯ ಚನ್ನೂರಿನ ಜಲಾಲಸಾಹೇಬರ ಪದಗಳೂ ಅಮಾವಾಸ್ಯೆ ಭಜನೆಯಲ್ಲಿ ಬಾಯಿಂದ ಬಾಯಿಗೆ ದಾಟಿ ಉಳಿದವೇ. ಪುಸ್ತಕವಿಲ್ಲದ ಕಡೆ ಅಂಕಿತವೇ ಪದದ ಒಡೆತನದ ಕಾಗದ. ನಮ್ಮ ಮಸ್ಕಿಯ ಬಂಡೆಯನ್ನೇ ನೋಡಿ. ಬೇರೆ ಕಡೆ ಸಿಕ್ಕ ಶಾಸನಗಳಲ್ಲಿ ದೇವಾನಾಂಪ್ರಿಯ ಎಂಬ ಬಿರುದಿತ್ತು. 1915ರಲ್ಲಿ ಇಲ್ಲಿ ಸಿಕ್ಕ ಶಾಸನದಲ್ಲಿ ಅಶೋಕ ಎಂಬ ಹೆಸರೇ ಇದ್ದದ್ದರಿಂದ ಆ ಮಾತುಗಳು ಯಾರವೆಂಬುದು ಗಟ್ಟಿಯಾಯಿತು. ತಾತನ ಪದ ಯಾರದೆಂದು ಆ ರಾತ್ರಿ ಸಭೆಗೆ ತಿಳಿಯಲೇ ಇಲ್ಲ.

ತಾತನಂತೆ ಗುಳೆಯ ಪದ ಕಟ್ಟಿದವರು ಅಮೆರಿಕದಲ್ಲೂ ಒಬ್ಬರಿದ್ದರು. ಒಕ್ಲಹೋಮಾದಲ್ಲಿ 1912ರಲ್ಲಿ ಹುಟ್ಟಿದ ವುಡಿ ಗಥ್ರಿ. 1930ರ ದಶಕದ ಬರ ಮತ್ತು ಧೂಳಿನ ಬಿರುಗಾಳಿಗೆ ಹೊಲ ಬಿಟ್ಟು ಕ್ಯಾಲಿಫೋರ್ನಿಯಾಕ್ಕೆ ಗುಳೆ ಹೋದವರ ಹಾಡು ಕಟ್ಟಿ, ಗಿಟಾರ್ ಹಿಡಿದು ಒಬ್ಬರೇ ಹಾಡಿದರು. 1940ರಲ್ಲಿ ಆ ಹಾಡುಗಳು ‘ಡಸ್ಟ್ ಬೌಲ್ ಬ್ಯಾಲಡ್ಸ್’ ಎಂಬ ಹೆಸರಲ್ಲಿ ಧ್ವನಿಮುದ್ರಣವಾಗಿ ಬಂದವು. ಈಗ ‘ಅಮೆರಿಕಾನಾ’ ಎನ್ನುವ ಸಂಗೀತದ ಬೇರುಗಳಲ್ಲಿ ಅವೂ ಸೇರಿವೆ. ಸಿಂಧನೂರಿನ ಕಾಲುವೆ ನೀರು ಮುಟ್ಟದ ನಮ್ಮ ಹಳ್ಳಿಗಳಿಂದ ಬೆಂಗಳೂರಿಗೋ ಹೈದರಾಬಾದಿಗೋ ಗಂಟು ಕಟ್ಟುವವರಿಗೆ ಆ ಹಾಡುಗಳ ಅರ್ಥ ಯಾರೂ ಬಿಡಿಸಿ ಹೇಳಬೇಕಿಲ್ಲ. ಅವರ ಗುಳೆಯ ಹಾಡು ಇಲ್ಲಿಯ ನಮ್ಮ ಮೊಬೈಲಿನಲ್ಲಿ ಸಿಗುತ್ತದೆ. ನಮ್ಮ ಗುಳೆಯ ಪದ ನಮ್ಮ ಸೀಮೆಯ ವೇದಿಕೆಯಲ್ಲೇ ಅರ್ಧಕ್ಕೆ ನಿಂತಿತು.

ನೀವು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಪೆಂಡಾಲು, ಊಟ, ಅತಿಥಿಗಳ ಹೊತ್ತು, ಎಲ್ಲ ನಿಮ್ಮ ತಲೆ ಮೇಲಿತ್ತು. ಈ ವರ್ಷ ಅವರನ್ನು ಮತ್ತೆ ಕರೆಯಿರಿ. ಆಹ್ವಾನ ಪತ್ರಿಕೆಯಲ್ಲಿ ಹೆಸರು ಹಾಕಿ. ಭಾಷಣಗಳೆಲ್ಲ ಮುಗಿದ ಮೇಲೆ, ಮುಂದೆ ಯಾರೂ ಕಾಯುವವರಿಲ್ಲದ ಹೊತ್ತಿನಲ್ಲಿ ಕೂರಿಸಿ. ಕುರ್ಚಿ ಬೇಡ, ಒಂದು ಜಮಖಾನೆ ಹಾಸಿ. ಬುರುಡೆಯ ಹತ್ತಿರ ಇನ್ನೊಂದು ಮೈಕ್ ಇಡಿಸಿ, ಆ ತೋಳು ಎತ್ತಿ ಹಿಡಿಯುವ ಕಷ್ಟ ತಪ್ಪಲಿ. ನಾನು ಮಸ್ಕಿಯಿಂದ ಬರುತ್ತೇನೆ. ಕೊನೆಯ ಬಸ್ಸು ತಪ್ಪಿದರೂ ಅಡ್ಡಿಯಿಲ್ಲ, ಆ ಪದದ ಒಂದು ನುಡಿ ನಾನಿನ್ನೂ ಕೇಳಿಲ್ಲ.

ನಿಮ್ಮ ಸಭೆಯ ಒಬ್ಬ ಕೇಳುಗ