ಸಾಹೇಬರು ಸೀಟಿನಲ್ಲಿದ್ದಾರೆಯೇ?

ಲಿನಕ್ಸ್ ಲ್ಯಾಪ್‌ಟಾಪಿನೊಳಗೆ ಒಬ್ಬ ಸಾಹೇಬರಿದ್ದಾರೆ. ವಿಡಿಯೋ ಡಿಕೋಡ್ ಮಾಡಲೆಂದೇ ಗ್ರಾಫಿಕ್ಸ್ ಚಿಪ್ಪಿನಲ್ಲಿ ನೇಮಕಗೊಂಡವರು. ಅವರ ಸಂಬಳವನ್ನು ಲ್ಯಾಪ್‌ಟಾಪ್ ಕೊಂಡ ದಿನವೇ ಮುಂಗಡವಾಗಿ ಕೊಟ್ಟಾಗಿದೆ. ಆದರೆ ವಿಡಿಯೋ ಹಾಕಿದರೆ ಬೆವರುವುದು ಸಿಪಿಯು ಎಂಬ ಗುಮಾಸ್ತ. ಫ್ಯಾನ್ ಬುಸುಗುಡುತ್ತದೆ, ಬ್ಯಾಟರಿ ಕರಗುತ್ತದೆ, ಸಾಹೇಬರು ಮೀಟಿಂಗಿನಲ್ಲಿದ್ದಾರೆ.

ವಿಚಾರಿಸೋಣವೆಂದು ಟರ್ಮಿನಲ್ಲಿನಲ್ಲಿ 'ವಿಎಇನ್ಫೋ' ಎಂದು ಹೊಡೆದರೆ ಸಾಹೇಬರ ಅರ್ಹತಾಪತ್ರವೇ ಉದ್ದಕ್ಕೆ ಬಿಚ್ಚಿಕೊಳ್ಳುತ್ತದೆ: ವಿಡಿಯೋ ಭಾಷೆಗಳಲ್ಲಿ ಎಚ್.264 ಬರುತ್ತದೆ, ವಿಪಿ9 ಬರುತ್ತದೆ, ಡಿಕೋಡ್ ಬರುವ ಪ್ರತಿ ಸಾಲಿನೆದುರು 'ವಿಎಲ್‌ಡಿ' ಎಂಬ ಮೊಹರು. ಕ್ರೋಮ್‌ನ ಜಿಪಿಯು ಪುಟವೂ ಹಸಿರು ಅಕ್ಷರದಲ್ಲಿ 'ಹಾರ್ಡ್‌ವೇರ್ ಆಕ್ಸಿಲರೇಟೆಡ್' ಎಂದು ಸಾಕ್ಷಿ ಹೇಳಬಹುದು. ಹಾಜರಿ ಪುಸ್ತಕದಲ್ಲಿ ಸಹಿ ಇದ್ದರೆ ಫೈಲು ಮುಂದೆ ಹೋಗಿದೆಯೆಂದು ನಂಬುವವರಿಗೆ ಇಷ್ಟು ಸಾಕು. ಉಳಿದವರು ವಿಡಿಯೋ ಓಡುತ್ತಿರುವಾಗಲೇ 'ಇಂಟೆಲ್ ಜಿಪಿಯು ಟಾಪ್' ತೆರೆದು 'ವಿಡಿಯೋ' ಎಂಬ ಸಾಲನ್ನು ನೋಡಬೇಕು. ಅಲ್ಲಿ 0.00. ದಶಮಾಂಶದ ಎರಡನೇ ಸ್ಥಾನದವರೆಗೂ ಅಚ್ಚುಕಟ್ಟಾದ ಸೋಮಾರಿತನ.

ಕಾರಣಗಳಿಗೇನು ಬರವೇ! ಯೂಟ್ಯೂಬ್ ಎವಿ1 ಎಂಬ ಭಾಷೆಯಲ್ಲಿ ವಿಡಿಯೋ ಕಳಿಸಿದೆ, ಅದು 11ನೇ ಪೀಳಿಗೆಗಿಂತ ಹಿಂದಿನ ಇಂಟೆಲ್ ಸಾಹೇಬರ ಸಿಲಬಸ್ಸಿನಲ್ಲೇ ಇರಲಿಲ್ಲ. ಡ್ರೈವರ್ ಹಳೆಯ 'ಐ965', ಬೇಕಾದದ್ದು 'ಐಎಚ್‌ಡಿ'. ಫೈರ್‌ಫಾಕ್ಸ್ ಲಿನಕ್ಸಿನ ಇಂಟೆಲ್ ಯಂತ್ರಗಳಲ್ಲಿ ಹಾರ್ಡ್‌ವೇರ್ ಡಿಕೋಡಿಂಗನ್ನು ತಾನಾಗಿ ಚಾಲೂ ಮಾಡಿದ್ದೇ 2023ರಲ್ಲಿ, 115ನೇ ಆವೃತ್ತಿಯಲ್ಲಿ. ಎಲ್ಲಕ್ಕಿಂತ ಸೊಗಸು ಫೆಡೋರಾ ಎಂಬ ಲಿನಕ್ಸ್ ಡಿಸ್ಟ್ರೋದ್ದು. 2022ರಲ್ಲಿ ಪೇಟೆಂಟಿನ ಭಯಕ್ಕೆ ಮೆಸಾ ಎಂಬ ಗ್ರಾಫಿಕ್ಸ್ ಡ್ರೈವರ್ ಕಟ್ಟಿನಿಂದ ಎಚ್.264, ಎಚ್.265ರ ಬೆಂಬಲವನ್ನೇ ಕಿತ್ತುಹಾಕಿದರು. ನಿನ್ನೆಯವರೆಗೆ ದುಡಿಯುತ್ತಿದ್ದ ಎಎಂಡಿ ಸಾಹೇಬರು ಒಂದು ಅಪ್‌ಡೇಟಿಗೆ ಅಮಾನತು! ಹಾರ್ಡ್‌ವೇರಿಗೆ ದುಡ್ಡು ಕೊಟ್ಟವರು ನೀವು, ವಕೀಲರಿಗೆ ಹೆದರಿದವರು ಅವರು, ಬೆವರಿದ್ದು ಗುಮಾಸ್ತ. ಆರ್‌ಪಿಎಂ ಫ್ಯೂಷನ್ ಎಂಬ ಹೊರಗಿನ ಭಂಡಾರದಿಂದ ಪ್ಯಾಕೇಜು ತಂದು ಹಾಕಿದರೆ ಅಮಾನತು ರದ್ದು. ಅದು ಗೊತ್ತಿಲ್ಲದವರು ಹೊಸ ಲ್ಯಾಪ್‌ಟಾಪಿನ ಬೆಲೆ ವಿಚಾರಿಸುತ್ತಾರೆ. ಗೊತ್ತಿರುವ ಪಂಡಿತರು "ನನ್ನದರಲ್ಲಿ ಸರಿಯಾಗಿಯೇ ಇದೆಯಲ್ಲ, ಡಿಸ್ಟ್ರೋ ಬದಲಿಸಿ" ಎನ್ನುತ್ತಾರೆ.

ನನಗೆ ಇದ್ದುದರಲ್ಲಿ ಎಂಪಿವಿ ಪ್ಲೇಯರಿನ ಮೇಲೆ ಗೌರವ. ಹೇಳದ ಹೊರತು ಹಾರ್ಡ್‌ವೇರ್ ಡಿಕೋಡಿಂಗ್ ಬಳಸುವುದಿಲ್ಲವೆಂದು ಕೈಪಿಡಿಯಲ್ಲೇ ಬರೆದುಕೊಂಡಿದೆ. 'ಎಚ್‌ಡಬ್ಲ್ಯೂಡೆಕ್' ಆಯ್ಕೆಗೆ 'ಆಟೋ' ಎಂದು ಅರ್ಜಿ ಕೊಟ್ಟು, ವಿಡಿಯೋ ಓಡುವಾಗ 'ಐ' ಕೀಲಿ ಒತ್ತಿದರೆ, ದುಡಿಯುತ್ತಿರುವವರು ಯಾರೆಂದು ಪರದೆಯ ಮೇಲೇ ಹಾಕುತ್ತದೆ. ಇಂಥ ಕೀಲಿ ವಿಧಾನಸೌಧಕ್ಕೂ ಒಂದು ಬೇಕಿತ್ತು.